ಡಾರ್ವಿನ್‌ನ ದಿನನಿತ್ಯದ ಕಾಗದಗಳನ್ನು ಓದುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಚಾರ್ಲ್ಸ್ ಡಾರ್ವಿನ್ 1836ರ ಅಕ್ಟೋಬರ್‌ನಲ್ಲಿ ಬೀಗಲ್ ಹಡಗಿನಿಂದ ಇಳಿದ ಮೇಲೆ ಮತ್ತೆಂದೂ ಬ್ರಿಟನ್ನಿನ ಹೊರಗೆ ಕಾಲಿಡಲಿಲ್ಲ. 1842ರ ಸೆಪ್ಟೆಂಬರ್‌ನಲ್ಲಿ ಲಂಡನ್ ಬಿಟ್ಟು ಸಂಸಾರ ಸಮೇತ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯನ್ನು ಸೇರಿದವನು 1882ರ ಏಪ್ರಿಲ್ 19ರಂದು ಅದೇ ಮನೆಯಲ್ಲಿ ಕಣ್ಣು ಮುಚ್ಚಿದ. ಆ ನಲವತ್ತು ವರ್ಷಗಳಲ್ಲಿ ಪಾರಿವಾಳದ ಚರ್ಮ, ಆರ್ಕಿಡ್ ಹೂವು, ಕಡಲ ಚಿಪ್ಪು, ಕೋಳಿಮರಿ, ಬೀಜ, ಜಗಳ, ಹೊಗಳಿಕೆ ಎಲ್ಲವೂ ಆತನ ಬಳಿಗೆ ಅಂಚೆಯಲ್ಲಿ ಬಂದವು. ಆತ ಬರೆದ ಮತ್ತು ಆತನಿಗೆ ಬಂದ ಕಾಗದಗಳಲ್ಲಿ ಇಂದು ಗೊತ್ತಿರುವವು 15,000ಕ್ಕೂ ಹೆಚ್ಚು. ಅವುಗಳ ಇನ್ನೊಂದು ತುದಿಯಲ್ಲಿರುವವರು ಸುಮಾರು 2,000 ಜನ. ಅವೆಲ್ಲವನ್ನೂ ಮನೆಯಲ್ಲೇ ಕುಳಿತು, ಹಣ ಕೊಡದೆ ಓದುವ ಅವಕಾಶ ಈಗ ಇದೆ. ಆದರೆ ಓದಲು ಕುಳಿತವರಲ್ಲಿ ಹಲವರು ಎರಡೇ ದಿನದಲ್ಲಿ ದಾರಿ ತಪ್ಪಿ ಕೈಬಿಡುತ್ತಾರೆ.

ನಾನೂ ಮೊದಲು ಹಾಗೆಯೇ ಕೈಬಿಟ್ಟವನು. ಎಲ್ಲರೂ ಉದ್ಧರಿಸುವ ಐದಾರು ಪ್ರಸಿದ್ಧ ಕಾಗದಗಳನ್ನು ಹುಡುಕಿ ಓದಿದೆ. ಅವು ಗೋಡೆಗೆ ತಗುಲಿಹಾಕಿದ ಚಿತ್ರಪಟಗಳಂತೆ ಒಂದಕ್ಕೊಂದು ಸಂಬಂಧವಿಲ್ಲದೆ ಕಂಡವು. ಬಹಳ ದಿನಗಳ ಮೇಲೆ, ಪಾರಿವಾಳಗಳ ಬಗ್ಗೆ ಏನನ್ನೋ ಹುಡುಕುತ್ತ ಮಾಮೂಲಿ ಕಾಗದಗಳ ರಾಶಿಯನ್ನು ಹೊಕ್ಕಾಗಲೇ ಆ ಪ್ರಸಿದ್ಧ ಕಾಗದಗಳು ಎಲ್ಲಿಂದ ಹುಟ್ಟಿದವು ಎಂಬುದು ತಿಳಿಯಿತು. ಈ ಮಾರ್ಗದರ್ಶಿಯ ಕ್ರಮ ಆ ಅನುಭವದಿಂದ ಬಂದದ್ದು: ಮೊದಲು ಬೇಡಿಕೆಯ ಕಾಗದ, ಆಮೇಲೆ ಸ್ನೇಹದ ಕಾಗದ, ಕೊನೆಗೆ ಚರಿತ್ರೆಯ ಕಾಗದ.

ಮೊದಲ ಹೆಜ್ಜೆ: ಅಂಚೆಯನ್ನು ಅರ್ಥಮಾಡಿಕೊಳ್ಳಿ

ಕಾಗದ ಓದುವ ಮೊದಲು ಅದು ಹೇಗೆ ಹೋಗುತ್ತಿತ್ತು ಎಂಬುದು ಗೊತ್ತಿರಬೇಕು. 1840ಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆಯ ದರವನ್ನು ದೂರದ ಮೇಲೆ ಮತ್ತು ಹಾಳೆಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಿದ್ದರು. ಹಣವನ್ನು ಸಾಮಾನ್ಯವಾಗಿ ಕಾಗದ ಪಡೆದವನೇ ಕೊಡಬೇಕಿತ್ತು. ಲಕೋಟೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿದ್ದುದರಿಂದ ಬರೆದ ಹಾಳೆಯನ್ನೇ ಮಡಚಿ ಅರಗು ಹಾಕುತ್ತಿದ್ದರು. ಜಾಗ ಸಾಲದಾದಾಗ ಹಾಳೆಯನ್ನು ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಆ ಕಾಲದ ಹಸ್ತಪ್ರತಿಯ ಚಿತ್ರದಲ್ಲಿ ಸಾಲುಗಳು ಚಾಪೆಯ ಹೆಣಿಗೆಯಂತೆ ಕಂಡರೆ ಗಾಬರಿಯಾಗಬೇಡಿ, ಅದು ಜಿಪುಣತನವೂ ಅಲ್ಲ. ಪಡೆಯುವವನ ಜೇಬಿನ ಮೇಲಿನ ಕಾಳಜಿ.

ರೋಲಂಡ್ ಹಿಲ್ ಪ್ರತಿಪಾದಿಸಿದ ಸುಧಾರಣೆ 1840ರ ಜನವರಿ 10ರಂದು ಜಾರಿಗೆ ಬಂತು. ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕದ ಕಾಗದ ದೇಶದೊಳಗೆ ಎಲ್ಲಿಗೆ ಹೋದರೂ ಒಂದು ಪೆನ್ನಿ. ಮೇ ತಿಂಗಳಲ್ಲಿ ಅಂಚೆ ಚೀಟಿಯೂ ಬಂತು. ಡಾರ್ವಿನ್ ಹಳ್ಳಿ ಸೇರಿದ್ದು ಇದಾದ ಎರಡು ವರ್ಷಕ್ಕೆ. ಕಾಯಿಲೆಯ ಮನುಷ್ಯನೊಬ್ಬ ಲಂಡನ್ನಿನ ಸಭೆಗಳಿಗೆ ಹೋಗದೆಯೂ ವಿಜ್ಞಾನದ ನಡುವೆಯೇ ಇರಲು ಸಾಧ್ಯವಾದದ್ದರಲ್ಲಿ ಈ ಒಂದು ಪೆನ್ನಿಯ ಪಾಲು ಬಹಳ ದೊಡ್ಡದು ಎಂದು ನಾನು ನಂಬಿದ್ದೇನೆ. ಭಾರತದ ಅಂಚೆಯ ಕಥೆ ಬೇರೆ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಮದರಾಸಿಗೋ ಕಲ್ಕತ್ತೆಗೋ ಹೋಗುವ ಟಪಾಲು ಈಜಿಪ್ಟಿನ ನೆಲವನ್ನು ದಾಟಿ ಮತ್ತೆ ಹಡಗು ಹತ್ತಬೇಕಿತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ತಿಂಗಳುಗಳು ಕಳೆಯುತ್ತಿದ್ದವು ಎಂಬುದನ್ನು ಓದುವಾಗ ಮರೆಯಬಾರದು.

ಎರಡನೆಯ ಹೆಜ್ಜೆ: ಪಾಠವನ್ನು, ಅಂದರೆ ಓದಬೇಕಾದ ಆವೃತ್ತಿಯನ್ನು, ಆರಿಸಿಕೊಳ್ಳಿ

ಡಾರ್ವಿನ್ ತೀರಿಕೊಂಡ ಮೇಲೆ ಮಗ ಫ್ರಾನ್ಸಿಸ್ 1887ರಲ್ಲಿ ಮೂರು ಸಂಪುಟಗಳಲ್ಲಿ, ಆಮೇಲೆ 1903ರಲ್ಲಿ ಮತ್ತೆರಡು ಸಂಪುಟಗಳಲ್ಲಿ ಆಯ್ದ ಕಾಗದಗಳನ್ನು ಪ್ರಕಟಿಸಿದ. ಮಗನ ಪ್ರೀತಿಯೂ ಶ್ರದ್ಧೆಯೂ ಅವುಗಳಲ್ಲಿವೆ. ಆದರೆ ಅವು ಆಯ್ದವು, ಕೆಲವೆಡೆ ಕತ್ತರಿಸಿದವು. ಮನೆಯ ಮಾತು, ಬದುಕಿದ್ದವರ ಬಗೆಗಿನ ಕಟುಮಾತು ಹಲವು ಕಡೆ ಬಿಟ್ಟುಹೋಗಿವೆ. ಆದ್ದರಿಂದ ಅವನ್ನು ಮೊದಲ ಪಾಠವಾಗಿ ಇಟ್ಟುಕೊಳ್ಳಬಾರದು.

ಇಟ್ಟುಕೊಳ್ಳಬೇಕಾದದ್ದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ನಡೆದ ಡಾರ್ವಿನ್ ಪತ್ರವ್ಯವಹಾರ ಯೋಜನೆಯ ಪಾಠ. 1974ರಲ್ಲಿ ಫ್ರೆಡರಿಕ್ ಬರ್ಕ್‌ಹಾರ್ಟ್ ಇದನ್ನು ಪ್ರಾಣಿವಿಜ್ಞಾನಿ ಸಿಡ್ನಿ ಸ್ಮಿತ್‌ನ ನೆರವಿನಿಂದ ಆರಂಭಿಸಿದ. ಮೊದಲ ಸಂಪುಟ 1985ರಲ್ಲಿ ಬಂತು. ಮೂವತ್ತನೆಯದೂ ಕೊನೆಯದೂ ಆದ ಸಂಪುಟ ಬಂದದ್ದು 2023ರಲ್ಲಿ. ಒಬ್ಬ ಮನುಷ್ಯನ ಕಾಗದಗಳನ್ನು ಓದಿ, ತಾರೀಖು ಹಚ್ಚಿ, ಟಿಪ್ಪಣಿ ಬರೆಯಲು ಅರ್ಧ ಶತಮಾನ ಬೇಕಾಯಿತು. ಈ ಪಾಠಗಳೆಲ್ಲ ಯೋಜನೆಯ ಜಾಲತಾಣದಲ್ಲಿ ಮುಕ್ತವಾಗಿವೆ. ಪ್ರತಿ ಕಾಗದಕ್ಕೂ ಒಂದು ಸಂಖ್ಯೆ ಇದೆ: ಉದಾಹರಣೆಗೆ 729 ಎಂದರೆ 1844ರ ಜನವರಿ 11ರಂದು ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಬರೆದದ್ದು. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಈ ಸಂಖ್ಯೆಯನ್ನೇ ಬರೆದುಕೊಳ್ಳಿ. ತಾರೀಖು ಮುಂದೆ ತಿದ್ದುಪಡಿಯಾಗಬಹುದು, ಸಂಖ್ಯೆ ಬದಲಾಗದು.

ಟಿಪ್ಪಣಿ ಪುಸ್ತಕದ ಪ್ರತಿ ಪುಟದಲ್ಲಿ ನಾಲ್ಕು ಅಂಕಣಗಳನ್ನು ಗೆರೆ ಹಾಕಿಕೊಳ್ಳಿ. ಯಾರು ಏನನ್ನು ಕೇಳಿದರು, ಉತ್ತರವಾಗಿ ಏನು ಬಂತು, ನಡುವೆ ಎಷ್ಟು ದಿನ ಕಳೆಯಿತು, ಬಂದದ್ದು ಯಾವ ಪುಸ್ತಕವನ್ನು ಸೇರಿತು. ಮೂರನೆಯ ಅಂಕಣವನ್ನು ಹೊಸಬರು ಅನಾವಶ್ಯಕವೆಂದು ಬಿಡುತ್ತಾರೆ, ಬಿಡಬಾರದು.

ಮೂರನೆಯ ಹೆಜ್ಜೆ: ಒಂದು ಬೇಡಿಕೆಯ ಕಾಗದದಿಂದ ಆರಂಭಿಸಿ

ಕನ್ನಡದ ಓದುಗರಿಗೆ ನಾನು ಯಾವಾಗಲೂ ಸೂಚಿಸುವ ಮೊದಲ ಕಾಗದ 1856ರ ಜನವರಿ 23ರದು. ಅದು ಹೋದದ್ದು ಮದರಾಸಿಗೆ, ವಾಲ್ಟರ್ ಎಲಿಯಟ್ ಎಂಬ ಕಂಪನಿಯ ಅಧಿಕಾರಿಗೆ. ಈ ಹೆಸರು ನಮಗೆ ಹೊಸದಲ್ಲ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಕಡೆಯವರು ಒತ್ತೆಯಾಳುಗಳಾಗಿ ಹಿಡಿದಿಟ್ಟ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಇದೇ ಎಲಿಯಟ್, ಇನ್ನೊಬ್ಬ ಸ್ಟೀವನ್‌ಸನ್. ಆಮೇಲೆ ಧಾರವಾಡದ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು, ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನೂ, ಆ ಭಾಗದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದವನೂ ಅವನೇ. 1856ರ ಹೊತ್ತಿಗೆ ಆತ ಮದರಾಸಿನ ಗವರ್ನರನ ಮಂಡಲಿಯ ಸದಸ್ಯನಾಗಿದ್ದ.

ಡಾರ್ವಿನ್‌ಗೆ ಆಗ ಬೇಕಾಗಿದ್ದದ್ದು ಶಾಸನವೂ ಅಲ್ಲ, ಹುಲಿಯೂ ಅಲ್ಲ: ಊರಿನಲ್ಲಿ ಜನ ಸಾಕುವ ಪಾರಿವಾಳ ಮತ್ತು ಕೋಳಿಗಳ ಚರ್ಮ. ಹಿಂದಿನ ವರ್ಷವೇ ಆತ ಮನೆಯಲ್ಲಿ ಪಾರಿವಾಳದ ಗೂಡು ಕಟ್ಟಿಸಿಕೊಂಡಿದ್ದ. ಒಂದೇ ಕಾಡುಪಾರಿವಾಳದ ಸಂತತಿಯಿಂದ ಮನುಷ್ಯನ ಆಯ್ಕೆಯೊಂದೇ ಇಷ್ಟು ಬಗೆಯ ಹಕ್ಕಿಗಳನ್ನು ರೂಪಿಸಬಲ್ಲುದಾದರೆ, ನಿಸರ್ಗದ ಆಯ್ಕೆ ಏನನ್ನು ಮಾಡಲಾರದು ಎಂಬುದು ಆತನ ವಾದದ ತಳಪಾಯ. ತಳಪಾಯಕ್ಕೆ ಬೇಕಾದ ಕಲ್ಲುಗಳು ಇಂಗ್ಲೆಂಡಿನಲ್ಲಿ ಮಾತ್ರ ಸಿಕ್ಕರೆ ಸಾಲದು. ಭಾರತದಿಂದ, ಪರ್ಷಿಯಾದಿಂದ, ಆಫ್ರಿಕಾದಿಂದ ಬರಬೇಕಿತ್ತು.

ಈ ಕಾಗದವನ್ನು ಎರಡು ಸಲ ಓದಿ. ಮೊದಲ ಓದಿನಲ್ಲಿ ಏನು ಕೇಳಿದ್ದಾನೆ ಎಂಬುದನ್ನು ಮಾತ್ರ ನೋಡಿ. ಎರಡನೆಯ ಓದಿನಲ್ಲಿ ಹೇಗೆ ಕೇಳಿದ್ದಾನೆ ಎಂಬುದನ್ನು ಗಮನಿಸಿ. ಡಾರ್ವಿನ್‌ನ ಬೇಡಿಕೆಯ ಕಾಗದಗಳಿಗೆ ಒಂದು ಸ್ಥಿರವಾದ ಒಕ್ಕಣೆ ಇದೆ. ತೊಂದರೆ ಕೊಡುತ್ತಿದ್ದೇನೆ ಎಂಬ ಕ್ಷಮಾಯಾಚನೆ, ಹಿಂದಿನ ಪರಿಚಯದ ನೆನಪು, ತಾನು ಮಾಡುತ್ತಿರುವ ಕೆಲಸದ ಒಂದೆರಡು ಸಾಲು, ಆಮೇಲೆ ಅತ್ಯಂತ ಖಚಿತವಾದ ಕೋರಿಕೆ. ವಿನಯದ ಮಾತು ಉದ್ದವಾಗಿರುತ್ತದೆ, ಆದರೆ ಕೋರಿಕೆಯಲ್ಲಿ ಅಸ್ಪಷ್ಟತೆ ಇರುವುದಿಲ್ಲ. ‘ಏನಾದರೂ ಸಿಕ್ಕರೆ ಕಳಿಸಿ’ ಎಂದು ಕೇಳುವವನಲ್ಲ ಆತ. ಈ ವಿನಯವನ್ನು ಬರೀ ಉಪಾಯವೆಂದು ತಳ್ಳಿಹಾಕುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಸಹಾಯ ಮಾಡಿದವರ ಹೆಸರನ್ನು ಪುಸ್ತಕದಲ್ಲಿ ಕಾಣಿಸುವುದರಲ್ಲಿ ಆತ ಪ್ರಾಮಾಣಿಕನಾಗಿದ್ದ.

ಎಲಿಯಟ್‌ನ ವಿಷಯದಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು. 1859ರ ‘ಜೀವಸಂಕುಲಗಳ ಉಗಮ’ದ ಮೊದಲ ಅಧ್ಯಾಯದಲ್ಲಿ, ಪಾರಿವಾಳಗಳ ಮಾತು ಬರುವಲ್ಲಿ, ಭಾರತದಿಂದ ಚರ್ಮಗಳನ್ನು ಕಳಿಸಿದ ಎಲಿಯಟ್‌ಗೂ ಪರ್ಷಿಯಾದಿಂದ ಕಳಿಸಿದ ಮರ್‍ರೆಗೂ ಕೃತಜ್ಞತೆ ಇದೆ. ಮುಂದೆ 1868ರಲ್ಲಿ ಬಂದ ಸಾಕುಪ್ರಾಣಿಗಳ ಗ್ರಂಥದಲ್ಲಿ ಇನ್ನೊಂದು ಋಣವನ್ನು ಒಪ್ಪಿಕೊಂಡಿದ್ದಾನೆ: 1770ರಲ್ಲಿ ತೀರಿಕೊಂಡ ಸಯ್ಯದ್ ಮಹಮ್ಮದ್ ಮುಸಾರಿ ಎಂಬಾತ ಪಾರಿವಾಳಗಳ ಬಗ್ಗೆ ಪರ್ಷಿಯನ್ ಭಾಷೆಯಲ್ಲಿ ಬರೆದ ಗ್ರಂಥದ ಅನುವಾದವನ್ನು ಎಲಿಯಟ್ ಕಳಿಸಿಕೊಟ್ಟಿದ್ದ. ಹೀಗೆ ಒಂದು ಕಾಗದದಿಂದ ಹೊರಟು, ಉತ್ತರವನ್ನು ದಾಟಿ, ಅಚ್ಚಾದ ಪುಟದವರೆಗೆ ಒಮ್ಮೆ ನಡೆದುಹೋಗಿ. ನಿಮ್ಮ ನಾಲ್ಕು ಅಂಕಣಗಳು ತುಂಬಿದ ಮೊದಲ ಸಾಲು ಇದಾಗಲಿ.

ನಾಲ್ಕನೆಯ ಹೆಜ್ಜೆ: ಸಂಬೋಧನೆ ಮತ್ತು ವಿಳಾಸವನ್ನು ಓದಲು ಕಲಿಯಿರಿ

‘ತೀರ್ಥರೂಪು’ ಎಂದು ಶುರುವಾದ ಕಾಗದಕ್ಕೂ ‘ಚಿರಂಜೀವಿ’ ಎಂದು ಶುರುವಾದ ಕಾಗದಕ್ಕೂ ಇರುವ ದೂರ ನಮ್ಮ ಹಿರಿಯರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ವಿಕ್ಟೋರಿಯನ್ ಕಾಗದದಲ್ಲೂ ಅಂಥದೇ ಮೆಟ್ಟಿಲುಗಳಿವೆ. ಅಪರಿಚಿತನಿಗೆ ‘ಸರ್’ ಅಥವಾ ‘ಡಿಯರ್ ಸರ್’. ಪರಿಚಯ ಬೆಳೆದರೆ ‘ಮೈ ಡಿಯರ್ ಸರ್’. ಸ್ನೇಹವಾದರೆ ಮನೆತನದ ಹೆಸರು, ‘ಮೈ ಡಿಯರ್ ಹೂಕರ್’. ಗಂಡಸರ ಗಾಢ ಸ್ನೇಹದಲ್ಲೂ ಸ್ವಂತ ಹೆಸರು ಬರುವುದು ವಿರಳ. ಆದ್ದರಿಂದ ಮನೆತನದ ಹೆಸರನ್ನು ಬಿಗುಮಾನವೆಂದು ತಿಳಿಯಬೇಡಿ. ‘ಸರ್’ ಹೋಗಿ ಹೆಸರು ಬಂದ ದಿನವನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ, ಏಕೆಂದರೆ ಕಾಗದದ ಮಜಕೂರಿನ ಸ್ವರವೂ ಬಹುಮಟ್ಟಿಗೆ ಅಲ್ಲಿಂದ ಬದಲಾಗುತ್ತದೆ.

ಮೇಲ್ಭಾಗದ ವಿಳಾಸ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಡೌನ್‌ನ ಮನೆ ಬದಲಾಗಲಿಲ್ಲ, ಆದರೆ ಅದರ ಅಂಚೆಯ ಊರು ಬದಲಾಗುತ್ತ ಹೋಯಿತು. 1840ರ ದಶಕದ ಕೊನೆಯಿಂದ ಕೆಲವು ವರ್ಷ ಫಾರ್ನ್‌ಬರೊ, 1850ರ ದಶಕದ ನಡುವಿನಿಂದ ಬ್ರಾಮ್ಲಿ, 1869ರ ಸುಮಾರಿನಿಂದ ಬೆಕನ್‌ಹ್ಯಾಮ್. ಇಸವಿ ಇಲ್ಲದ ಕಾಗದ ಎದುರಾದಾಗ ಇದೊಂದೇ ದಶಕವನ್ನು ತೋರಿಸಿಕೊಡುತ್ತದೆ.

ಭಾಷೆಯಲ್ಲಿ ಕೆಲವು ತೊಡಕುಗಳಿವೆ. ‘ವುಡ್’, ‘ಶುಡ್’, ‘ಯುವರ್’ ಮೊದಲಾದ ಪದಗಳ ನಡುವಿನ ಅಕ್ಷರಗಳನ್ನು ನುಂಗಿ ಎರಡು ಮೂರು ಅಕ್ಷರಗಳಲ್ಲೇ ಬರೆಯುವುದು ಡಾರ್ವಿನ್‌ನ ರೂಢಿ. ‘ಇನ್‌ಸ್ಟಂಟ್’ ಎಂದರೆ ಈ ತಿಂಗಳ, ‘ಅಲ್ಟಿಮೊ’ ಎಂದರೆ ಹಿಂದಿನ ತಿಂಗಳ ತಾರೀಖು. ಎರಡು ದಿನದಲ್ಲಿ ಇವು ಅಭ್ಯಾಸವಾಗುತ್ತವೆ.

ಐದನೆಯ ಹೆಜ್ಜೆ: ಚೌಕಾವರಣದ ತಾರೀಖನ್ನು ಗೌರವದಿಂದ, ಆದರೆ ಎಚ್ಚರದಿಂದ ನೋಡಿ

ಡಾರ್ವಿನ್ ಎಷ್ಟೋ ಸಲ ‘ಶನಿವಾರ’ ಎಂದೋ ‘18ನೆಯ ತಾರೀಖು’ ಎಂದೋ ಬರೆದು ಮುಗಿಸಿಬಿಡುತ್ತಿದ್ದ. ಪಡೆಯುವವನಿಗೆ ನಾಳೆಯೇ ಮುಟ್ಟುವ ಕಾಗದಕ್ಕೆ ಇಸವಿ ಏಕೆ ಬೇಕು? ಸಂಪಾದಕರು ಆಚೆಈಚೆಯ ಕಾಗದಗಳನ್ನು, ಅಂಚೆ ಮುದ್ರೆಯನ್ನು, ಕಾಗದದ ನೀರ್ಗುರುತನ್ನು, ಸಾವಿನ ಸೂತಕದ ಕಪ್ಪು ಅಂಚನ್ನು, ಒಳಗೆ ಹೆಸರಿಸಿದ ಪುಸ್ತಕವನ್ನು ಹೋಲಿಸಿ ತಾರೀಖನ್ನು ನಿಗಮಿಸಿದ್ದಾರೆ. ಹಾಗೆ ನಿಗಮಿಸಿದ ಭಾಗವನ್ನು ಚೌಕಾವರಣದಲ್ಲಿ, ಅಂದರೆ [ ] ಗುರುತಿನೊಳಗೆ, ಇಟ್ಟಿರುತ್ತಾರೆ. ಆವರಣದ ಹೊರಗಿರುವುದು ಡಾರ್ವಿನ್‌ನ ಕೈಬರಹ, ಒಳಗಿರುವುದು ಸಂಪಾದಕರ ತರ್ಕ. ನಿಮ್ಮ ಟಿಪ್ಪಣಿಯಲ್ಲೂ ಆವರಣವನ್ನು ಹಾಗೆಯೇ ಉಳಿಸಿಕೊಳ್ಳಿ. ಆವರಣ ಬಿದ್ದುಹೋದ ಕ್ಷಣದಲ್ಲಿ ಊಹೆ ಸತ್ಯವಾಗಿಬಿಡುತ್ತದೆ. ಇದು ಎಷ್ಟು ಮುಖ್ಯ ಎಂಬುದು ಏಳನೆಯ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಆರನೆಯ ಹೆಜ್ಜೆ: ಒಂದು ಸ್ನೇಹವನ್ನು ಎರಡೂ ಕಡೆಯಿಂದ ಓದಿ

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಹೆಚ್ಚು ಸಮಯ ಬೇಡುವುದೂ ಇದೇ. ಅದಕ್ಕೆ ಹೂಕರ್‌ನನ್ನೇ ಆರಿಸಿಕೊಳ್ಳಿ. ದಕ್ಷಿಣ ಧ್ರುವ ಸಾಗರದ ಯಾನದಿಂದ 1843ರಲ್ಲಿ ಮರಳಿದ ಈ ಸಸ್ಯವಿಜ್ಞಾನಿ, ಮುಂದೆ ಸಿಕ್ಕಿಂ ಹಿಮಾಲಯವನ್ನು ಸುತ್ತಿ ಬಂದವನು, 1865ರಿಂದ ಕ್ಯೂ ಸಸ್ಯೋದ್ಯಾನದ ನಿರ್ದೇಶಕ. ಇಬ್ಬರ ನಡುವೆ ಸುಮಾರು 1,400 ಕಾಗದಗಳು ಉಳಿದಿವೆ. ಎಲ್ಲವನ್ನೂ ಓದಬೇಕಾಗಿಲ್ಲ, 1843ರ ನವೆಂಬರ್‌ನಿಂದ 1844ರ ಮಾರ್ಚ್‌ವರೆಗಿನವನ್ನು ಒಂದೂ ಬಿಡದೆ ಓದಿದರೆ ಸಾಕು.

ಜಗತ್ಪ್ರಸಿದ್ಧವಾದ 729ನೆಯ ಕಾಗದ ಈ ಅವಧಿಯದೇ. ಜೀವಜಾತಿಗಳು ಬದಲಾಗದವಲ್ಲ ಎಂಬ ನಂಬಿಕೆಗೆ ಬಂದಿದ್ದೇನೆ, ಇದನ್ನು ಹೇಳುವುದು ಕೊಲೆಯನ್ನು ಒಪ್ಪಿಕೊಂಡಂತೆ ಎಂದು ಡಾರ್ವಿನ್ ಬರೆದದ್ದು ಇಲ್ಲಿಯೇ. ಬಿಡಿಯಾಗಿ ಉದ್ಧರಿಸಿದಾಗ ಆ ಮಾತು ಗುಡುಗಿನಂತೆ ಕೇಳುತ್ತದೆ. ಕಾಗದದಲ್ಲಿ ಅದು ಎಲ್ಲಿದೆ ಎಂದು ನೋಡಿ. ಮೊದಲು ಹೂಕರ್‌ನ ಹಿಂದಿನ ಕಾಗದಕ್ಕೆ ಕೃತಜ್ಞತೆ, ಆಮೇಲೆ ದ್ವೀಪಗಳ ಸಸ್ಯಗಳ ಬಗ್ಗೆ ಪ್ರಶ್ನೆಗಳು. ಅವುಗಳಲ್ಲಿ ಒಂದನ್ನು ಗಮನಿಸಿ: ದೊಡ್ಡ ಚತುಷ್ಪಾದಿಗಳೇ ಇಲ್ಲದ ಗಲಾಪಗೋಸ್, ಸೇಂಟ್ ಹೆಲೆನಾ, ನ್ಯೂಜಿಲೆಂಡ್‌ನಂಥ ದ್ವೀಪಗಳಲ್ಲಿ ಮಾತ್ರ ಬೆಳೆಯುವ ಯಾವುದಾದರೂ ಸಸ್ಯಕ್ಕೆ ಕೊಕ್ಕೆಯಿರುವ ಬೀಜಗಳಿವೆಯೇ? ಪ್ರಾಣಿಯ ತುಪ್ಪಳಕ್ಕೆ ಅಂಟಿ ಸಾಗಲೆಂದು ಇರುವಂತೆ ಕಾಣುವ ಕೊಕ್ಕೆ, ತುಪ್ಪಳವೇ ಇಲ್ಲದ ನೆಲದಲ್ಲಿ ಏಕಿರಬೇಕು? ಈ ಪುಟ್ಟ ಪ್ರಶ್ನೆಯೊಳಗೆ ಇಡೀ ಸಿದ್ಧಾಂತ ಮಡಚಿಕೊಂಡು ಕುಳಿತಿದೆ. ಕೊಲೆಯ ಮಾತು ಬರುವುದು ಇದಾದ ಮೇಲೆ, ಅದೂ ವಾಕ್ಯದ ನಡುವೆ, ಆವರಣ ಚಿಹ್ನೆಯೊಳಗೆ. ಕಾಗದದ ಸಂಬೋಧನೆ ಇನ್ನೂ ‘ಮೈ ಡಿಯರ್ ಸರ್’. ಪತ್ರವ್ಯವಹಾರ ಆರಂಭವಾಗಿ ಎರಡು ತಿಂಗಳಷ್ಟೇ ಆಗಿತ್ತು.

ಈಗ ಹೂಕರ್‌ನ ಉತ್ತರವನ್ನು ತೆಗೆಯಿರಿ, ಜನವರಿ 29ರದು. ಇದನ್ನು ಓದದೆ ಬಿಡುವವರೇ ಹೆಚ್ಚು. ಆತ ಬೆಚ್ಚಿಬೀಳುವುದಿಲ್ಲ. ಜೀವಜಾತಿಗಳಲ್ಲಿ ಮೆಲ್ಲನೆಯ ಬದಲಾವಣೆ ನಡೆದಿರಬಹುದು, ಅದು ಹೇಗೆ ನಡೆಯಿತೆಂದು ನೀವು ಭಾವಿಸುತ್ತೀರಿ ಎಂಬುದನ್ನು ಕೇಳಲು ಸಂತೋಷ ಎಂಬರ್ಥದ ಶಾಂತವಾದ ಮಾತು. ಕೊಲೆಯ ಒಪ್ಪಿಗೆಗೆ ಸಿಕ್ಕದ್ದು ಸಮಾಧಾನದ ಕುತೂಹಲ. ಮುಂದಿನ ನಲವತ್ತು ವರ್ಷಗಳ ಸ್ನೇಹದ ಗುಣ ಈ ಎರಡು ಕಾಗದಗಳ ನಡುವಿನ ಹದಿನೆಂಟು ದಿನಗಳಲ್ಲಿ ನಿರ್ಧಾರವಾಯಿತು ಎಂದು ನನಗೆ ತೋರುತ್ತದೆ.

ಆಮೇಲೆ 1855ರ ವಸಂತಕ್ಕೆ ಬನ್ನಿ. ಬೀಜಗಳು ಸಮುದ್ರದ ಉಪ್ಪುನೀರಿನಲ್ಲಿ ತೇಲಿ ದ್ವೀಪಗಳನ್ನು ಸೇರಬಲ್ಲವೇ ಎಂದು ಡಾರ್ವಿನ್ ಮನೆಯಲ್ಲೇ ಬೀಜಗಳನ್ನು ಉಪ್ಪುನೀರಿನ ಬಾಟಲಿಗಳಲ್ಲಿ ನೆನೆಹಾಕುತ್ತಿದ್ದ. ಮೊಳೆಯಲಾರವೆಂದು ಹೂಕರ್ ನಿರೀಕ್ಷಿಸಿದ್ದ, ಮೊಳೆತವು. ಅಪ್ಪ ಡಾಕ್ಟರ್ ಹೂಕರ್‌ನನ್ನು ಸೋಲಿಸುತ್ತಾನೆಯೇ ಎಂದು ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದರೆಂದು ಡಾರ್ವಿನ್ ಹೂಕರ್‌ನಿಗೇ ಬರೆದಿದ್ದಾನೆ. ಆಮೇಲೆ ಬೀಜಗಳು ಮುಳುಗುತ್ತವೆ ಎಂಬ ಆಕ್ಷೇಪ ಎದುರಾದಾಗ, ಈ ಕೃತಘ್ನ ಬೀಜಗಳಿಗೆ ಉಪ್ಪು ಹಾಕಿ ಪಟ್ಟ ಪಾಡೆಲ್ಲ ದಂಡವಾಯಿತಲ್ಲ ಎಂಬ ಗೋಳು. 1862ರ ಜನವರಿಯಲ್ಲಿ ಜೇಮ್ಸ್ ಬೇಟ್‌ಮನ್ ಕಳಿಸಿದ ಪೆಟ್ಟಿಗೆಯಲ್ಲಿ ಮಡಗಾಸ್ಕರಿನ ಆರ್ಕಿಡ್ ಬಂದಾಗಲೂ, ಒಂದಡಿ ಉದ್ದದ ಅದರ ಮಕರಂದದ ನಾಳವನ್ನು ಕಂಡು, ಯಾವ ಕೀಟ ತಾನೆ ಇದನ್ನು ಹೀರೀತು ಎಂಬ ಉದ್ಗಾರ ಹೋದದ್ದು ಹೂಕರ್‌ಗೆ. ಅಷ್ಟುದ್ದದ ಸೊಂಡಿಲಿನ ಪತಂಗವೊಂದು ಇರಲೇಬೇಕೆಂದು ಅದೇ ವರ್ಷದ ಆರ್ಕಿಡ್ ಪುಸ್ತಕದಲ್ಲಿ ಬರೆದ. ಮಡಗಾಸ್ಕರಿನ ಆ ಪತಂಗಕ್ಕೆ ವೈಜ್ಞಾನಿಕ ಹೆಸರು ಬಂದದ್ದು 1903ರಲ್ಲಿ.

ಏಳನೆಯ ಹೆಜ್ಜೆ: ಈಗ ಚರಿತ್ರೆಯ ಕಾಗದಕ್ಕೆ ಬನ್ನಿ

1858ರ ಜೂನ್‌ನಲ್ಲಿ ಇಂದಿನ ಇಂಡೋನೇಷ್ಯಾದ ಟರ್ನೇಟ್ ದ್ವೀಪದಿಂದ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಕಳಿಸಿದ ಲೇಖನ ಡೌನ್‌ಗೆ ಬಂತು. ಅದರಲ್ಲಿ ಡಾರ್ವಿನ್‌ನದೇ ಸಿದ್ಧಾಂತವಿತ್ತು. ಡಾರ್ವಿನ್ ಅದನ್ನು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ಗೆ ಕಳಿಸುತ್ತ ಬರೆದ ಕಾಗದದ ಸಂಖ್ಯೆ 2285. ಅದರ ಮೇಲೆ ಆತ ಬರೆದ ತಾರೀಖು ‘18’ ಮಾತ್ರ. ತಿಂಗಳೂ ಇಸವಿಯೂ ಚೌಕಾವರಣದೊಳಗಿವೆ. ವಾಲೆಸ್ ಬರೆದ ಮೂಲ ಕಾಗದ ಉಳಿದಿಲ್ಲ. ಅದು ಯಾವ ದಿನ ಕೈಸೇರಿತು, ಡಾರ್ವಿನ್ ಅದನ್ನು ಇಟ್ಟುಕೊಂಡು ತಡಮಾಡಿದನೇ ಎಂದು ವಿದ್ವಾಂಸರು ದಶಕಗಳಿಂದ ಜಗಳವಾಡಿದ್ದಾರೆ. ಆ ಜಗಳಕ್ಕೆ ಇಳಿಯುವ ಮೊದಲು ಮಾಮೂಲಿ ಕಾಗದಗಳ ಕಡೆಗೆ ಹಿಂದಿರುಗಿ ನೋಡಿ.

ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್, ಭಾರತದ ಸಾಕುಪ್ರಾಣಿಗಳ ಬಗ್ಗೆ ಡಾರ್ವಿನ್‌ಗೆ ಪುಟಗಟ್ಟಲೆ ಬರೆಯುತ್ತಿದ್ದ. 1855ರ ಡಿಸೆಂಬರ್ 8ರ ಅಂಥದೊಂದು ಕಾಗದದಲ್ಲಿ, ವಾಲೆಸ್‌ನ ಹೊಸ ಲೇಖನವನ್ನು ಓದಿದಿರಾ, ಚೆನ್ನಾಗಿದೆ ಎಂಬ ಮಾತು ಬರುತ್ತದೆ. ಮೂರನೆಯ ಹೆಜ್ಜೆಯಲ್ಲಿ ಓದಿದ ಪಾರಿವಾಳ ಮತ್ತು ಕೋಳಿಗಳ ಕೋರಿಕೆ ಮದರಾಸಿಗೆ ಮಾತ್ರ ಹೋದದ್ದಲ್ಲ, ವಾಲೆಸ್‌ಗೂ ಮುಟ್ಟಿತ್ತು. 1856ರ ಆಗಸ್ಟ್‌ನಲ್ಲಿ ಲಾಂಬಾಕ್ ದ್ವೀಪದಿಂದ ವಾಲೆಸ್ ಲಂಡನ್ನಿನ ತನ್ನ ಏಜೆಂಟನಿಗೆ ಕಳಿಸಿದ ಮಾದರಿಗಳಲ್ಲಿ ಡಾರ್ವಿನ್‌ಗೆಂದೇ ತೆಗೆದಿಟ್ಟ ಒಂದು ಸಾಕುಬಾತು ಇತ್ತು. 1857ರ ಮೇ 1ರಂದು ಡಾರ್ವಿನ್ ವಾಲೆಸ್‌ಗೆ ಬರೆಯುತ್ತ, ನಾವಿಬ್ಬರೂ ಬಹುಮಟ್ಟಿಗೆ ಒಂದೇ ರೀತಿ ಯೋಚಿಸಿದ್ದೇವೆ ಎಂದಿದ್ದಾನೆ. ಸಿಡಿಲಿನಂತೆ ಬಂದೆರಗಿತು ಎಂದು ಎಲ್ಲರೂ ಹೇಳುವ ಟರ್ನೇಟಿನ ಕಾಗದ ಬಂದದ್ದು ಬಾತಿನ ಚರ್ಮ ಬಂದ ದಾರಿಯಲ್ಲೇ. ಎಲಿಯಟ್‌ನಿಂದ ಆರಂಭಿಸಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಇದು.

ಆ ಜೂನ್‌ನ ಕೊನೆಯ ವಾರದ ಕಾಗದಗಳನ್ನು ದಿನದ ಕ್ರಮದಲ್ಲೇ ಓದಬೇಕು. ಮನೆಯಲ್ಲಿ ಎಳೆಯ ಮಗು ಚಾರ್ಲ್ಸ್ ವೇರಿಂಗ್ ಕೆಂಪುಜ್ವರದಿಂದ ಜೂನ್ 28ರಂದು ತೀರಿಕೊಂಡಿತು. ಮರುದಿನವೇ ಡಾರ್ವಿನ್ ಹೂಕರ್‌ಗೆ ಎರಡು ಕಾಗದಗಳನ್ನು ಬರೆದ. ಎರಡನೆಯದರ ಜೊತೆ ವಾಲೆಸ್‌ನ ಲೇಖನ ಮತ್ತು ತಾನು 1857ರ ಸೆಪ್ಟೆಂಬರ್ 5ರಂದು ಅಮೆರಿಕದ ಸಸ್ಯವಿಜ್ಞಾನಿ ಏಸ ಗ್ರೇಗೆ ಬರೆದಿದ್ದ ಕಾಗದದ ಸಾರಾಂಶ ಇದ್ದವು. ಜುಲೈ 1ರಂದು ಲಂಡನ್ನಿನ ವಿಜ್ಞಾನ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಸಿದ್ಧಾಂತ ಮೊದಲು ಹೊಳೆದದ್ದು ಯಾರಿಗೆ ಎಂಬ ಆದ್ಯತೆಯ ಪ್ರಶ್ನೆಯನ್ನು ಮಾತ್ರ ಹುಡುಕುತ್ತ ಓದುವವರು ಮನೆಯ ಸಾಲುಗಳನ್ನು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಇದೇ ಕಾರಣಕ್ಕೆ 1851ರ ಏಪ್ರಿಲ್‌ನಲ್ಲಿ ಮಾಲ್ವರ್ನ್ ಊರಿನಲ್ಲಿ ಹತ್ತು ವರ್ಷದ ಮಗಳು ಆ್ಯನಿಯ ಪಕ್ಕದಲ್ಲಿ ಕುಳಿತು, ತುಂಬು ಗರ್ಭಿಣಿಯಾಗಿ ಮನೆಯಲ್ಲಿದ್ದ ಹೆಂಡತಿ ಎಮ್ಮಾಗೆ ಬರೆದ ಕಾಗದಗಳನ್ನೂ ಒಮ್ಮೆ ಓದಿ. ಅಂಚೆ ಒಂದು ದಿನ ಹಿಂದೆ ಇರುತ್ತದೆ. ಮಗು ಚೇತರಿಸಿಕೊಳ್ಳುತ್ತಿದೆ ಎಂಬ ಸುದ್ದಿಗೆ ಎಮ್ಮಾ ಸಂತೋಷಪಟ್ಟು ಉತ್ತರಿಸುವ ಹೊತ್ತಿಗೆ ಅಲ್ಲಿ ಸ್ಥಿತಿ ಬದಲಾಗಿರುತ್ತದೆ. ಟಿಪ್ಪಣಿ ಪುಸ್ತಕದ ಮೂರನೆಯ ಅಂಕಣ ಇಲ್ಲಿ ಎದೆಗೆ ನಾಟುತ್ತದೆ.

ಎಂಟನೆಯ ಹೆಜ್ಜೆ: ಇಲ್ಲದ ಕಾಗದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

1862ರ ಹಿಂದಿನ ವರ್ಷಗಳಲ್ಲಿ ಡಾರ್ವಿನ್ ಬರೆದವು ಸಾಕಷ್ಟು ಸಿಗುತ್ತವೆ, ಆತನಿಗೆ ಬಂದವು ಕಡಿಮೆ. ಇದರ ಕಾರಣವನ್ನು ಫ್ರಾನ್ಸಿಸ್ ಹೇಳಿದ್ದಾನೆ: ಬಂದ ಕಾಗದಗಳನ್ನು ತಂದೆ ಕಬ್ಬಿಣದ ಸರಳುಗಳಿಗೆ ಚುಚ್ಚಿಡುತ್ತಿದ್ದ, ಸರಳುಗಳೆಲ್ಲ ತುಂಬಿದಾಗ ಹಲವು ವರ್ಷಗಳ ಕಾಗದಗಳನ್ನು ಸುಟ್ಟು ಸರಳುಗಳನ್ನು ಖಾಲಿ ಮಾಡಿಕೊಳ್ಳುತ್ತಿದ್ದ. ಆದ್ದರಿಂದ ಆ ವರ್ಷಗಳಲ್ಲಿ ಒಬ್ಬನೇ ಮಾತಾಡುತ್ತಿರುವಂತೆ ಕಂಡರೆ, ಎದುರಿನವನು ಮೌನವಾಗಿದ್ದನ್ನು ಅದು ತೋರಿಸುವುದಿಲ್ಲ.

ಉಳಿದವುಗಳಲ್ಲೂ ಹಲವು ತುಂಡುಗಳು. ಕಾಗದದ ಒಂದು ಭಾಗದಲ್ಲಿ ಕೋಳಿಯ ವಿಷಯ, ಇನ್ನೊಂದರಲ್ಲಿ ಆರ್ಕಿಡ್ ಇದ್ದರೆ ಡಾರ್ವಿನ್ ಕತ್ತರಿ ತೆಗೆದುಕೊಂಡು ಎರಡಾಗಿ ಮಾಡಿ ಆಯಾ ವಿಷಯದ ಕಡತಕ್ಕೆ ಸೇರಿಸುತ್ತಿದ್ದ. ಬೇಕಾದ ಕಡೆ ಬಣ್ಣದ ಬಳಪದಿಂದ ಗೆರೆ ಎಳೆಯುತ್ತಿದ್ದ. ಯೋಜನೆಯ ಪಾಠದಲ್ಲಿ ಈ ಗುರುತುಗಳನ್ನು ಕೊನೆಯಲ್ಲಿ ಕೊಟ್ಟಿದ್ದಾರೆ. ಇದು ಬಹಳ ಬೆಲೆಯುಳ್ಳ ಮಾಹಿತಿ, ಏಕೆಂದರೆ ಬರೆದವನು ಮುಖ್ಯವೆಂದುಕೊಂಡದ್ದಕ್ಕೂ ಓದಿದವನು ಗೆರೆ ಎಳೆದದ್ದಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಆತನ ಕಾಯಿಲೆಯ ಬಗ್ಗೆ ಒಂದು ಮಾತು. ಹೊಟ್ಟೆಯ ನೋವು, ವಾಂತಿ, ಸುಸ್ತಿನ ವರದಿ ಕಾಗದಗಳ ತುಂಬ ಇದೆ. ಅದನ್ನು ಓದಿ ಇಂದಿನ ರೋಗದ ಹೆಸರು ಹಚ್ಚುವ ಆಟಕ್ಕೆ ಹೋಗಬೇಡಿ. ಕಾಗದ ಏಕೆ ಚಿಕ್ಕದಾಯಿತು, ಏಕೆ ಎಮ್ಮಾಳ ಕೈಬರಹದಲ್ಲಿದೆ ಎಂಬುದನ್ನು ತಿಳಿಯಲು ಮಾತ್ರ ಬಳಸಿಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಹೆಸರಿಲ್ಲದವರ ಕಡೆಗೆ ಹೋಗಿ

ಬೆಳಗಿನ ಕೆಲಸದ ನಡುವೆ, ಒಂಬತ್ತೂವರೆಯ ಸುಮಾರಿಗೆ ಡಾರ್ವಿನ್ ಕಾಗದಗಳನ್ನು ನೋಡಲು ಬರುತ್ತಿದ್ದ. ಉತ್ತರ ಬರೆಯುವುದು ಊಟದ ನಂತರ, ಬೆಂಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿ, ಅದರ ಎರಡು ತೋಳುಗಳ ಮೇಲೆ ಇಟ್ಟ ಹಲಗೆಯ ಮೇಲೆ. ಕಾಡುವವರಿಗೆಂದು ಅಚ್ಚು ಹಾಕಿಸಿದ್ದ ಉತ್ತರದ ನಮೂನೆಯೊಂದಿತ್ತು, ಆದರೆ ಅದನ್ನು ಬಳಸಿದ್ದೇ ಇಲ್ಲವೆನ್ನಬಹುದು ಎಂದು ಫ್ರಾನ್ಸಿಸ್ ನೆನೆದಿದ್ದಾನೆ. ಎಲ್ಲರಿಗೂ ಉತ್ತರ ಹೋಗುತ್ತಿತ್ತು.

ಎಡಿನ್‌ಬರೊ ಸಸ್ಯೋದ್ಯಾನದ ತೋಟಗಾರ ಜಾನ್ ಸ್ಕಾಟ್ 1862ರಲ್ಲಿ ಡಾರ್ವಿನ್‌ನ ಆರ್ಕಿಡ್ ಪುಸ್ತಕದ ತಪ್ಪೊಂದನ್ನು ತೋರಿಸಿ ಬರೆದ. ಡಾರ್ವಿನ್ ಆತನ ಬುದ್ಧಿಯನ್ನು ಗುರುತಿಸಿ, ಕೊನೆಗೆ 1864ರಲ್ಲಿ ಆತ ಕಲ್ಕತ್ತೆಗೆ ಹೋಗುವ ಪ್ರಯಾಣದ ಖರ್ಚನ್ನೂ ಕೊಟ್ಟ. 1867ರಲ್ಲಿ ಮುಖಭಾವಗಳ ಬಗ್ಗೆ ಹದಿನಾರು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಲೋಕದ ಮೂಲೆಮೂಲೆಗೆ ಕಳಿಸಿದಾಗ ಕಲ್ಕತ್ತೆಯಿಂದ ಉತ್ತರಿಸಿದವರಲ್ಲಿ ಸ್ಕಾಟ್ ಒಬ್ಬ. ನ್ಯೂಜರ್ಸಿಯ ಮೇರಿ ಟ್ರೀಟ್ ಕೀಟಾಹಾರಿ ಸಸ್ಯಗಳ ಮೇಲೆ ಮಾಡಿದ ವೀಕ್ಷಣೆಗಳು 1875ರ ಪುಸ್ತಕವನ್ನು ಸೇರಿದವು. ಮುಂದೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಮ್ಯಾಂಚೆಸ್ಟರಿನ ಲಿಡಿಯಾ ಬೆಕರ್, ತಮ್ಮ ಮಹಿಳಾ ಸಂಘದ ಮೊದಲ ಸಭೆಯಲ್ಲಿ ಓದಲು ಏನಾದರೂ ಕೊಡಿ ಎಂದು 1866ರಲ್ಲಿ ಕೇಳಿದಳು. ಡಾರ್ವಿನ್ ತನ್ನ ಲೇಖನಗಳನ್ನು ಕಳಿಸಿಕೊಟ್ಟ. ಇವರಲ್ಲಿ ಯಾರಾದರೊಬ್ಬರನ್ನು ಆರಿಸಿಕೊಂಡು ಪೂರ್ತಿ ಓದಿ.

ಒಂದೇ ಸಂಜೆಯಲ್ಲಿ ಮುಗಿಯುವಂಥದು ಬೇಕಿದ್ದರೆ ಕೊನೆಯ ಸಂಪುಟಕ್ಕೆ ಹೋಗಿ. 1882ರ ಫೆಬ್ರುವರಿ 18ರಂದು ನಾರ್ತಾಂಪ್ಟನ್ನಿನ ಬೂಟು ತಯಾರಕ ವಾಲ್ಟರ್ ಡ್ರಾಬ್ರಿಜ್ ಕ್ರಿಕ್, ಒಂದು ನೀರುಜೀರುಂಡೆಯ ಕಾಲನ್ನು ಪುಟ್ಟ ಚಿಪ್ಪೊಂದು ಕಚ್ಚಿಕೊಂಡಿದ್ದುದನ್ನು ಕಂಡೆನೆಂದು ಬರೆದ. ಈತ ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್‌ನ ಅಜ್ಜ ಎಂಬುದು ನಿಜ, ಆದರೆ ಓದುವಾಗ ಆ ಸಂಗತಿಯನ್ನು ಬದಿಗಿಡಿ. ಜೀರುಂಡೆಯ ಕಾಲನ್ನು ಗಮನಿಸುವ ಕಣ್ಣು ಆತನದೇ. ಮೂರು ದಿನದಲ್ಲಿ ಡಾರ್ವಿನ್‌ನ ಉತ್ತರ ಬಂತು, ತುಂಬ ಪ್ರಶ್ನೆಗಳೊಂದಿಗೆ. ಸಿಹಿನೀರಿನ ಚಿಪ್ಪುಗಳು ಒಂದು ಕೊಳದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತವೆ ಎಂಬುದು ಮೂವತ್ತು ವರ್ಷಗಳಿಂದ ಆತನನ್ನು ಕಾಡಿದ ಪ್ರಶ್ನೆ. ಕ್ರಿಕ್ ಜೀರುಂಡೆಯನ್ನೂ ಚಿಪ್ಪನ್ನೂ ಅಂಚೆಯಲ್ಲಿ ಕಳಿಸಿದ. ಬಂದಾಗ ಜೀರುಂಡೆಯಲ್ಲಿ ಇನ್ನೂ ಕುಟುಕು ಜೀವವಿತ್ತು. ಅದು ನರಳದೆ ಬೇಗ ಸಾಯಲೆಂದು ಕತ್ತರಿಸಿದ ಲಾರೆಲ್ ಎಲೆಗಳಿದ್ದ ಬಾಟಲಿಯಲ್ಲಿ ಹಾಕಿದ್ದೇನೆಂದು ಡಾರ್ವಿನ್ ತಿಳಿಸಿದ. ಆ ವಿಷಯದ ಟಿಪ್ಪಣಿ ಏಪ್ರಿಲ್ 6ರ ‘ನೇಚರ್’ ಪತ್ರಿಕೆಯಲ್ಲಿ, ಕ್ರಿಕ್‌ನ ಹೆಸರಿನ ಸಮೇತ ಅಚ್ಚಾಯಿತು. ಅದಾಗಿ ಹದಿಮೂರು ದಿನಕ್ಕೆ ಡಾರ್ವಿನ್ ತೀರಿಕೊಂಡ. ಈ ಕಾಗದಗಳು ಬೆರಳೆಣಿಕೆಯಷ್ಟೇ ಇವೆ. ಜೋಡಿಯಾಗಿ, ತಾರೀಖಿನ ಕ್ರಮದಲ್ಲಿ, ಟಿಪ್ಪಣಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.